ಪ್ರಿಂಟ್ ಮಿಸ್ಟೇಕ್ ಇರಲಿಲ್ಲ, ಗಿರಿಜಾ

ಗಿರಿಜಾ, ಆ ಗೈಡಿನಲ್ಲಿ ಪ್ರಿಂಟ್ ಮಿಸ್ಟೇಕ್ ಇರಲಿಲ್ಲ. ನಾನು ಸುಳ್ಳು ಹೇಳಿದ್ದೆ. ಬಾಯ್ತಪ್ಪಿ ಅಲ್ಲ—ಗೊತ್ತಿದ್ದೇ, ನಿನ್ನ ಮುಖ ನೋಡಿಕೊಂಡೇ ಹೇಳಿದ್ದೆ.

ತೊಂಬತ್ತರ ದಶಕದ ಆ ಬೇಸಿಗೆಯಲ್ಲಿ ನಾವಿಬ್ಬರೂ ಎರಡನೇ ಸಲ ಮೆಡಿಕಲ್ ಪ್ರವೇಶ ಪರೀಕ್ಷೆಗೆ ಓದುತ್ತಿದ್ದೆವು. ನಿಮ್ಮಪ್ಪನಿಗೆ ಇನ್ಶೂರೆನ್ಸ್ ಆಫೀಸಿನಲ್ಲಿ ವರ್ಗವಾಗಿ ನೀವು ಗದಗಿನಿಂದ ಇಂದಿರಾನಗರಕ್ಕೆ ಬಂದವರು. ಹತ್ತನೆಯವರೆಗೆ ನಿನ್ನದು ಕನ್ನಡ ಮೀಡಿಯಂ. ನಾನು ವಿಮಾನಪುರದ ಕ್ವಾರ್ಟರ್ಸಿನವಳು, ಮೊದಲಿನಿಂದಲೂ ಇಂಗ್ಲಿಷ್. ನೀನು ಬಸ್ಸು ಹತ್ತಿ ನಮ್ಮ ಮನೆಗೆ ಬರುತ್ತಿದ್ದೆ, ವರಾಂಡದಲ್ಲಿ ಚಾಪೆ ಹಾಸಿಕೊಂಡು ಕೂರುತ್ತಿದ್ದೆವು. ನಿನಗೆ ತಿಳಿಯದ ಇಂಗ್ಲಿಷ್ ನಾನು ಹೇಳಬೇಕು, ನನ್ನ ತಲೆಗೆ ಹತ್ತದ ಬಯಾಲಜಿ ನೀನು ಹೇಳಬೇಕು—ಅದು ನಮ್ಮ ಒಪ್ಪಂದ. ನೀನು ನಿನ್ನ ಪಾಲಿನದನ್ನು ಚಾಚೂ ತಪ್ಪದೆ ಮಾಡಿದೆ. ಪ್ಯಾಂಕ್ರಿಯಾಸಿನ ಕೆಲಸ ನನಗೆ ಎಷ್ಟು ಉರು ಹೊಡೆದರೂ ನಿಲ್ಲುತ್ತಿರಲಿಲ್ಲ. "ಮೇದೋಜೀರಕ ಅನ್ನು. ಹೆಸರಿನಾಗ ಜೀರ್ಣ ಐತಿ ನೋಡು," ಎಂದೆ ನೀನು. ಆಮೇಲೆ ನಾನು ಮರೆತದ್ದಿಲ್ಲ.

ಒಂದು ಮಧ್ಯಾಹ್ನ ನೀನು ಗೈಡನ್ನು ನನ್ನತ್ತ ತಿರುಗಿಸಿದೆ. 'ಹಾರ್ಡ್ಲಿ' ದಣಿಯುವ ಸ್ನಾಯು ಯಾವುದು ಎಂಬ ಪ್ರಶ್ನೆ. ನೀನು ಕೈಕಾಲಿನ ಸ್ನಾಯು ಎಂದು ಗುರುತು ಹಾಕಿದ್ದೆ. ಕೀ ಉತ್ತರದಲ್ಲಿ ಹೃದಯದ ಸ್ನಾಯು ಎಂದಿತ್ತು.

"ಹಾರ್ಡ್ ಅಂದ್ರ ಜೋರು. ಹಾರ್ಡ್ಲಿ ಅಂದ್ರ ಜೋರಾಗಿ, ಹೌದಿಲ್ಲೋ? ಹೃದಯ ಎಲ್ಲಿ ಜೋರಾಗಿ ದಣೀತದ? ಪ್ರಿಂಟ್ ತಪ್ಪೇನ ಸುಮಾ?"

ಹಾರ್ಡ್ಲಿ ಎಂದರೆ ಇಲ್ಲವೆನ್ನುವಷ್ಟು ಕಡಿಮೆ—ಇಷ್ಟು ಹೇಳಿದ್ದರೆ ಮುಗಿಯುತ್ತಿತ್ತು. ಬಾಯಿಗೂ ಬಂದಿತ್ತು. ಆದರೆ ಆ ವಾರದ ಮಾದರಿ ಪರೀಕ್ಷೆಯಲ್ಲಿ ನೀನು ನನ್ನನ್ನು ಹಿಂದೆ ಹಾಕಿದ್ದೆ, ಮನೆಯಲ್ಲಿ ಅಪ್ಪ ಮೂರನೇ ಸಲದ ಮಾತೇ ಇಲ್ಲ ಎಂದಿದ್ದರು, ನಾನು—

"ಪ್ರಿಂಟ್ ಮಿಸ್ಟೇಕ್ ಇರ್ಬೇಕು ಕಣೇ, ಬಿಡು. ನೀನ್ ಬರ್ದಿರೋದೇ ಸರಿ."

ಸೀಟಿಗೆ ನಾವಿಬ್ಬರೇ ಹೊಡೆದಾಡುತ್ತಿದ್ದೆವೇ? ಸಾವಿರಾರು ಜನರಿದ್ದರು. ನಿನ್ನೊಬ್ಬಳನ್ನು ಹಿಂದೆ ತಳ್ಳಿ ನನಗೆ ಆಗಬೇಕಾದದ್ದೇನೂ ಇರಲಿಲ್ಲ. ಅಷ್ಟು ದಂಡದ ಸಣ್ಣತನ ಅದು.

ಪರೀಕ್ಷೆ ಮುಗಿಸಿ ಶಿವಾಜಿನಗರದಲ್ಲಿ ಬಸ್ಸು ಹತ್ತಿದಾಗ ನೀನು ಖುಷಿಯಾಗಿದ್ದೆ. "ಅದ ಪದ ಬಂದಿತ್ತಲ್ಲ! ನೀ ಅವತ್ತ ಹೇಳಿದ್ದಕ್ಕ ಡೌಟಿಲ್ದ ಬರದೆ," ಎಂದು ನನ್ನ ಕೈ ಅದುಮಿದೆ. ನಾನು ಕಿಟಕಿಯ ಕಡೆ ತಿರುಗಿಕೊಂಡೆ. ಹಲಸೂರು ದಾಟುವವರೆಗೂ ನೀನು ಮಾತಾಡುತ್ತಲೇ ಇದ್ದೆ.

ನನಗೆ ಸೀಟು ಸಿಕ್ಕಿತು. ನಿನಗೆ ಕೂದಲೆಳೆಯಲ್ಲಿ ತಪ್ಪಿತು. ಆ ಒಂದು ಪ್ರಶ್ನೆಯಿಂದಲೇ ತಪ್ಪಿತೆಂದು ಆಣೆ ಮಾಡಿ ಹೇಳಲಾರೆ. ಅದರಿಂದಲ್ಲ ಎಂದೂ—ಹೇಳಲಾರೆ. ಮೂರನೇ ಸಲ ಬರಿ ಎಂದು ನಾನು ಒತ್ತಾಯ ಮಾಡಿದೆ, ನೆನಪಿದೆಯಾ? ನನ್ನದು ಎಂಥ ಧಾರಾಳ! "ಎರಡು ಸಲ ಬರದ್ರೂ ಬರಲಿಲ್ಲ ಅಂದ್ರ ನನ್ನ ತಲಿ ಇಷ್ಟ," ಎಂದು ನೀನು ನಕ್ಕುಬಿಟ್ಟೆ. ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ.

ಹೋದ ವಾರ ನೀನು ಕೆ.ಆರ್. ಪುರದ ನನ್ನ ಕ್ಲಿನಿಕ್ಕಿಗೆ ಮಗಳನ್ನು ಕರೆದುಕೊಂಡು ಬಂದಿದ್ದೆ. ಅವಳಿಗೆ ಕೆಮ್ಮು. ಇಷ್ಟು ವರ್ಷದ ಮೇಲೆ ನಿನ್ನನ್ನು ನೋಡಿ ನನಗೆ ನಿಜವಾಗಿಯೂ ಸಂತೋಷವಾಯಿತು, ಅದನ್ನು ನಂಬು. ನೀನು ಮಗಳಿಗೆ ಹೇಳಿದೆ: "ಈ ಡಾಕ್ಟರ್ ಭಾಳ ಶಾಣ್ಯಾಕಿ. ಇಬ್ರೂ ಕೂಡೇ ಓದಿದ್ವಿ. ನಿಮ್ಮವ್ವ ದಡ್ಡಿ, ಎರಡು ಸಲನೂ ಸೋತ್ಲು." ಮಗು ನಕ್ಕಿತು. ನಾನೂ ನಕ್ಕೆ, ಗಿರಿಜಾ. ಸಿರಪ್ಪು ಬರೆದುಕೊಟ್ಟು ಕಳಿಸಿದೆ.

ಸೀಟನ್ನು ನಾನು ಹಿಂದಿರುಗಿಸಲಾರೆ. ಆದರೆ ಇಷ್ಟು ವರ್ಷ ನಿನ್ನನ್ನು ನೀನು ದಡ್ಡಿ ಎಂದುಕೊಂಡೇ ಬದುಕಿದೆಯಲ್ಲ—ಅದು ನನಗೆ ಅವತ್ತಿನವರೆಗೂ ಹೊಳೆದಿರಲಿಲ್ಲ.

ಈ ಕಾಗದ ನಿನಗೆ ತಲುಪಿದ ಮೇಲೆ, ಭಾನುವಾರ ನಿಮ್ಮ ಮನೆಗೆ ಬರುತ್ತೇನೆ. ಬಾಗಿಲು ತೆಗೆಯದಿದ್ದರೆ ಹೊರಗೇ ನಿಂತು ಹೇಳುತ್ತೇನೆ. ತೆಗೆದರೆ, ಮಗಳನ್ನು ಆಟಕ್ಕೆಂದು ಹೊರಗೆ ಕಳಿಸಬೇಡ. ನೀನು ದಡ್ಡಿ ಎಂಬುದನ್ನು ಕೇಳಿ ನಕ್ಕವಳು ಅವಳು. ನಾನು ಮಾಡಿದ್ದೇನೆಂದೂ ಅವಳೇ ಕೇಳಲಿ.