ಸೀಸೆಯಲ್ಲಿ ಬಂದ ಬೀಗರ ಮನೆ

ನಮ್ಮ ಮನೆಯಲ್ಲಿ ಅರ್ಧ ಲೋಟ ಎಂಬ ಅಳತೆಯೇ ಇಲ್ಲ. ಕಾಫಿ ಕೊಟ್ಟರೆ ನೊರೆ ಲೋಟದ ಅಂಚಿಗೆ ಬಂದು ನಿಂತಿರಬೇಕು, ಪಾನಕ ಕೊಟ್ಟರೆ ತೆಗೆದುಕೊಳ್ಳುವವರ ಬೆರಳು ಒದ್ದೆಯಾಗಬೇಕು. ಬೈ-ಟು ಎಂಬುದು ಹೋಟೆಲಿನ ವ್ಯವಹಾರ. ಮನೆಗೆ ಬಂದವರ ಕೈಗೆ ಅರ್ಧ ಲೋಟ ಇಡುವುದೆಂದರೆ ‘ಬೇಗ ಹೊರಡಿ’ ಎಂದು ಹೇಳಿದ ಹಾಗೆ ಎಂದು ಮೈಸೂರಿನಲ್ಲಿ ನನ್ನ ತಾಯಿ ನಂಬಿದ್ದರು. ಮದುವೆಯಾಗಿ ನೈರೋಬಿಗೆ ಬರುವಾಗ ನಾನು ಹಿತ್ತಾಳೆಯ ಫಿಲ್ಟರಿನ ಜೊತೆಗೆ ಆ ನಂಬಿಕೆಯನ್ನೂ ಕಟ್ಟಿಕೊಂಡು ಬಂದೆ. ಪಾರ್ಕ್‌ಲ್ಯಾಂಡ್ಸ್‌ನ ಈ ಫ್ಲ್ಯಾಟಿಗೆ ಎಷ್ಟೋ ಸಲ ಸುಣ್ಣಬಣ್ಣವಾಯಿತು, ಕೆಳಗಿನ ರಸ್ತೆಯಲ್ಲಿ ಮಟಾಟು ವ್ಯಾನುಗಳ ಹಾಡು ಬದಲಾಯಿತು, ನಾನು ಶಾಲೆಯಲ್ಲಿ ರಸಾಯನಶಾಸ್ತ್ರ ಹೇಳಿಕೊಟ್ಟು ನಿವೃತ್ತಳೂ ಆದೆ. ಲೋಟದ ಮಟ್ಟ ಮಾತ್ರ ಇಳಿಯಲಿಲ್ಲ. ನೀವು ಬಂದರೆ ನಿಮಗೂ ಹಾಗೆಯೇ ಕೊಡುತ್ತೇನೆ. ನೀವು ‘ಸಾಕು ಸಾಕು’ ಅನ್ನುತ್ತೀರಿ, ನಾನು ಕೇಳುವುದಿಲ್ಲ. ನಿಜ ಹೇಳಬೇಕೆಂದರೆ ನಾನು ಕೇಳಲಿ ಎಂದು ನೀವೂ ಹೇಳಿರುವುದಿಲ್ಲ.

ಈ ನಿಯಮಕ್ಕೆ ಮೊದಲ ಪೆಟ್ಟು ಬಿದ್ದದ್ದು ಕಳೆದ ವರ್ಷ ಜುಲೈ ತಿಂಗಳಲ್ಲಿ, ನಮ್ಮ ಬೀಗಿತ್ತಿ ಬಂದಾಗ. ಬೀಗಿತ್ತಿ ಎಂದರೆ ಇಳಕಲ್ ಸೀರೆಯುಟ್ಟು, ತಟ್ಟೆಯಲ್ಲಿ ಹಣ್ಣುಕಾಯಿ ಹಿಡಿದು ಬರುವ ಹೆಂಗಸನ್ನು ನೀವು ಊಹಿಸಿಕೊಂಡಿದ್ದರೆ ಅದನ್ನು ಈಗಲೇ ಬಿಟ್ಟುಬಿಡಿ. ಈಕೆಯ ಹೆಸರು ರೂತ್. ಬಿಸಿಲು ಗಾಳಿಗೆ ಒರಟಾದ ಮುಖ, ಕತ್ತರಿಸಿದ ಬಿಳಿ ಕೂದಲು, ತೋಟದ ಕೆಲಸದಿಂದ ಗಟ್ಟಿಯಾದ ಅಂಗೈ. ಆಸ್ಟ್ರೇಲಿಯಾದ ದಕ್ಷಿಣ ತುದಿಯಲ್ಲಿ, ಮೆಲ್ಬೋರ್ನ್ ನಗರದ ಕೆಳಗೆ, ಮಾರ್ನಿಂಗ್ಟನ್ ಎಂಬ ನೆಲದ ನಾಲಿಗೆಯೊಂದು ಸಮುದ್ರಕ್ಕೆ ಚಾಚಿಕೊಂಡಿದೆಯಂತೆ. ಅಲ್ಲಿ ಅವರದೊಂದು ದ್ರಾಕ್ಷಿ ತೋಟ. ಬೆಳೆಯುವುದೂ ಅವರೇ, ಹಿಂಡಿ ಹುದುಗು ಬರಿಸಿ ವೈನು ಮಾಡುವುದೂ ಅವರೇ. ಮೆಲ್ಬೋರ್ನಿಗೆ ಓದಲು ಹೋದ ನಮ್ಮ ನಂದಿತಾ ಪದವಿಯ ಜೊತೆಗೆ ಅವರ ಮಗ ಡ್ಯಾನ್‌ನನ್ನೂ ಆರಿಸಿಕೊಂಡಳು.

ನಮ್ಮಲ್ಲಿ ಹೆಣ್ಣು ಕೊಡುವ ಮೊದಲು ಹಿರಿಯರು ಹೋಗಿ ಗಂಡಿನ ಮನೆ ನೋಡಿ ಬರುವುದು ಪದ್ಧತಿ. ಹೋದವರು ಗೋಡೆ ಸೂರು ನೋಡಿ ಬರುತ್ತಾರೆಂದು ಗಂಡಸರು ತಿಳಿದಿದ್ದಾರೆ. ಹೆಂಗಸರು ನೋಡುವುದು ಬೇರೆ: ಆ ಮನೆಯಲ್ಲಿ ಯಾರು ಯಾರ ಮುಖ ನೋಡುತ್ತಾರೆ, ಸೊಸೆ ಊಟ ಬಿಟ್ಟರೆ ಯಾರಿಗಾದರೂ ತಿಳಿಯುತ್ತದೆಯೇ ಎಂಬುದು. ನಮಗೆ ಹೋಗಲಾಗಲಿಲ್ಲ. ನಮ್ಮ ಯಜಮಾನರಿಗೆ ಮಂಡಿಯ ಶಸ್ತ್ರಚಿಕಿತ್ಸೆಯಾಗಿ, ಅಷ್ಟು ದೂರದ ವಿಮಾನಪ್ರಯಾಣ ಸದ್ಯಕ್ಕೆ ಬೇಡವೆಂದು ವೈದ್ಯರು ಹೇಳಿದ್ದರು. ಮದುವೆ ಬೇಡವೆನ್ನುವ ಅಧಿಕಾರ ನನಗಿರಲಿಲ್ಲ, ಇದ್ದರೂ ಬಳಸುತ್ತಿರಲಿಲ್ಲ, ಹುಡುಗ ಒಳ್ಳೆಯವನು. ಆದರೂ ಒಪ್ಪುವುದು ಬೇರೆ, ಹಗುರವಾದ ಮನಸ್ಸಿನಿಂದ ಒಪ್ಪುವುದು ಬೇರೆ. ಮೂರು ಕಡೆ ನೀರು, ಅದರಾಚೆಗೆ ಹಿಮದ ಖಂಡದಿಂದ ಬೀಸುವ ಗಾಳಿ, ಅಂಥ ಜಾಗದಲ್ಲಿ ನನ್ನ ಒಬ್ಬಳೇ ಮಗಳು ಯಾರ ಕಣ್ಣಳತೆಯಲ್ಲಿ ಇರುತ್ತಾಳೆ ಎಂಬ ಒಂದೇ ಪ್ರಶ್ನೆ ನನ್ನನ್ನು ತಿಂಗಳುಗಟ್ಟಲೆ ಕೊರೆಯಿತು. ನಾನು ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಮಗಳು ‘ಐ ಆಮ್ ನಾಟ್ ಎ ಬೇಬಿ’ ಎಂದು ಒಂದೇ ವಾಕ್ಯದಲ್ಲಿ ಮುಗಿಸುತ್ತಿದ್ದಳು.

ನಿಮಗೆ ಬರಲಾಗದಿದ್ದರೆ ನಾನೇ ಬರುತ್ತೇನೆ ಎಂದರು ರೂತ್. ಅಲ್ಲಿ ಅದು ಚಳಿಗಾಲ, ಎಲೆ ಉದುರಿದ ಬಳ್ಳಿಗಳನ್ನು ಕತ್ತರಿಸುವ ಕಾಲ. ಗಂಡನನ್ನೂ ಮಗನನ್ನೂ ಕತ್ತರಿಯ ಜೊತೆ ಬಿಟ್ಟು, ನಂದಿತಾಳನ್ನು ಕರೆದುಕೊಂಡು ಬಂದರು. ಪೆಟ್ಟಿಗೆಯೊಳಗೆ ಉಣ್ಣೆಯ ಕಾಲುಚೀಲಗಳಲ್ಲಿ ಸುತ್ತಿದ ಮೂರು ಸೀಸೆಗಳಿದ್ದವು. ನೀವು ನಮ್ಮ ಮನೆ ನೋಡಲಿಲ್ಲವಲ್ಲ, ಇದರಲ್ಲಿ ಸ್ವಲ್ಪ ಕಾಣುತ್ತದೆ ಎಂದು ಅವನ್ನು ನನ್ನ ಕೈಗಿತ್ತರು. ನಾನು ಕೊಂಚ ತಡೆದು, ತೆಗೆದುಕೊಂಡು, ಅಭ್ಯಾಸಬಲದಿಂದ ದೇವರ ಮುಂದೆ ಇಡಲು ಹೋಗಿ, ಅರ್ಧ ದಾರಿಯಲ್ಲಿ ಬುದ್ಧಿ ಬಂದು, ಫ್ರಿಜ್ಜಿನ ಮೇಲಿಟ್ಟೆ.

ನಾನು ಹುಟ್ಟಿದಂದಿನಿಂದ ಹೆಂಡದ ಹನಿ ಮುಟ್ಟಿದವಳಲ್ಲ. ಯಜಮಾನರು ಔಷಧ ಕಾರ್ಖಾನೆಯ ಮ್ಯಾನೇಜರಾಗಿ ಮುಥೈಗಾದ ದೊಡ್ಡವರ ಕ್ಲಬ್ಬಿನ ಔತಣಗಳಿಗೆ ಹೋಗುತ್ತಿದ್ದಾಗಲೂ ಕಿತ್ತಳೆ ರಸದ ಗ್ಲಾಸು ಹಿಡಿದು ಕಂಬದ ಪಕ್ಕ ನಿಂತು ಬರುತ್ತಿದ್ದರು, ಅಥವಾ ನನಗೆ ಹಾಗೆ ಹೇಳುತ್ತಿದ್ದರು. ಶುಕ್ರವಾರ ರಾತ್ರಿಯೇ ಮಗಳು ಅಡುಗೆಮನೆಗೆ ಬಂದು ನನಗೆ ಪಾಠ ಹೇಳಿದಳು.

“ಅಮ್ಮಾ, ಯು ಡೋಂಟ್ ಹ್ಯಾವ್ ಟು ಡ್ರಿಂಕ್. ಜಸ್ಟ್ ಸ್ಮೆಲ್ ಮಾಡು. ಬಟ್ ಪ್ಲೀಸ್, ಸುಮ್ನೆ ‘ನೈಸ್’ ಅನ್ಬೇಡ. ಶಿ ವಿಲ್ ನೋ.”

ಶನಿವಾರ ಮಧ್ಯಾಹ್ನದ ಊಟಕ್ಕೆ ಕೋಸಂಬರಿ, ನುಚ್ಚಿನುಂಡೆ, ಮಜ್ಜಿಗೆಹುಳಿ, ಬದನೆಕಾಯಿ ಎಣ್ಣೆಗಾಯಿ, ತಿಳಿಸಾರು ಮಾಡಿದ್ದೆ. ನಂದಿತಾ ಬೆಳಗಿನಿಂದ ಹೊಸ ಗ್ಲಾಸು ತೊಳೆಯುವುದು, ಒರೆಸುವುದು, ಬೆಳಕಿಗೆ ಹಿಡಿದು ನೋಡುವುದು, ಇದರಲ್ಲೇ ಓಡಾಡುತ್ತಿದ್ದಳು. ಊಟಕ್ಕೆ ಮೊದಲು ರುಚಿ ನೋಡಬೇಕೆಂದು ತೀರ್ಮಾನವಾಯಿತು. ರೂತ್ ಮೊದಲ ಸೀಸೆಯ ಮುಚ್ಚಳ ತೆಗೆದರು. ಮನೆಯ ಯಜಮಾನ ಬಡಿಸಬೇಕಲ್ಲವೇ, ಇವರು ಸೀಸೆ ಕೈಗೆ ತೆಗೆದುಕೊಂಡು, ಕೋಲೂರಿಕೊಂಡು, ಬೀಗಿತ್ತಿಯ ಗ್ಲಾಸಿಗೆ ಸುರಿದರು. ಕಾಲುಭಾಗಕ್ಕೆ ಬಂದಾಗ ರೂತ್ “ಸಾಕು” ಎಂದರು. ನಂದಿತಾ ಅವರಿಗೆ ಕಲಿಸಿ ಕರೆತಂದಿದ್ದ ಒಂದೇ ಕನ್ನಡ ಪದ ಅದು. ಪಾಪ, ಆ ಪದದಿಂದ ನಮ್ಮಂಥವರ ಕೈ ನಿಲ್ಲುವುದಿಲ್ಲವೆಂದು ಕಲಿಸಿರಲಿಲ್ಲ. ‘ಎಷ್ಟು ಚೆನ್ನಾಗಿ ಉಪಚಾರ ಮಾಡಿಸಿಕೊಳ್ಳುತ್ತಾರೆ’ ಎಂದು ಮೆಚ್ಚಿ ಇವರು ಇನ್ನಷ್ಟು ಹಾಕಿದರು. ಆಕೆ ಮತ್ತೆ ಸಾಕು ಎಂದರು, ನಾನು ಪಕ್ಕದಿಂದ ‘ಪೂರ್ತಿ ಹಾಕಿ, ಸಂಕೋಚ ಮಾಡ್ಕೋತಿದಾರೆ’ ಎಂದು ಕನ್ನಡದಲ್ಲಿ ಪ್ರೋತ್ಸಾಹಿಸಿದೆ. ಕೊನೆಗೆ ವೈನು ಗ್ಲಾಸಿನ ಅಂಚಿನಲ್ಲಿ ಉಬ್ಬಿ ನಿಂತಿತು. ನಂದಿತಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

ರೂತ್ ನಗಲಿಲ್ಲ, ತಿದ್ದಲೂ ಇಲ್ಲ. ಎತ್ತಿದರೆ ಚೆಲ್ಲುತ್ತದೆಂದು ಗ್ಲಾಸನ್ನು ಮೇಜಿನ ಮೇಲೆಯೇ ಬಿಟ್ಟು, ತಾವೇ ಬಗ್ಗಿ, ನಾವು ತುಂಬಿದ ಕಾಫಿ ಲೋಟಕ್ಕೆ ಬಗ್ಗುತ್ತೇವಲ್ಲ ಹಾಗೆ, ಒಂದು ಗುಟುಕು ಹೀರಿದರು. ಆಮೇಲೆ ನನ್ನ ಕಡೆ ತಿರುಗಿ “ಅಸಾಂಟೆ” ಎಂದರು. ಟ್ಯಾಕ್ಸಿಯವನಿಂದ ಕಲಿತ ಸ್ವಾಹಿಲಿ. ನಮ್ಮಿಬ್ಬರಿಗೂ ಸೇರದ ಭಾಷೆಯಲ್ಲಿ ಬಂದ ಆ ಕೃತಜ್ಞತೆ ನನಗೆ ಹಿಡಿಸಿತು. ನಂದಿತಾ ತಡೆಯಲಾರದೆ, ಗ್ಲಾಸಿನ ಮೇಲ್ಭಾಗವನ್ನು ಏಕೆ ಖಾಲಿ ಬಿಡುತ್ತಾರೆಂದು ವಿವರಿಸಿದಳು. ಆ ಖಾಲಿ ಜಾಗ ವಾಸನೆಗಂತೆ. ಅಲ್ಲಿ ಅದು ಏಳಬೇಕು, ಸುತ್ತಬೇಕು, ಮೂಗಿಗೆ ಕಾಯಬೇಕು.

ನಾಚಿಕೆಯಾಯಿತೇ ಎಂದು ಕೇಳುತ್ತೀರಾ? ಸ್ವಲ್ಪ ಆಯಿತು. ಆದರೆ ನಾನು ಮೇಷ್ಟರ ಜಾತಿ, ಸೋಲನ್ನು ಅಷ್ಟು ಬೇಗ ಒಪ್ಪುವುದಿಲ್ಲ. ನಾವೂ ಕಾಫಿಯನ್ನು ಲೋಟದಿಂದ ಬಟ್ಟಲಿಗೆ, ಬಟ್ಟಲಿನಿಂದ ಲೋಟಕ್ಕೆ ಎತ್ತಿ ಎತ್ತಿ ಸುರಿಯುತ್ತೇವಲ್ಲ, ಪರಿಮಳ ಏಳಲಿ ಎಂದೇ ತಾನೆ? ಅವರು ಪಾತ್ರೆಯೊಳಗೆ ಬಿಡುವ ಜಾಗವನ್ನು ನಾವು ಎರಡು ಪಾತ್ರೆಗಳ ನಡುವೆ ಬಿಟ್ಟಿದ್ದೇವೆ. ಇದನ್ನು ಹೇಳಿದಾಗ ರೂತ್ ಹುಬ್ಬೇರಿಸಿ, ನಾಳೆ ಬೆಳಿಗ್ಗೆ ತೋರಿಸಬೇಕೆಂದು ಮಾತು ತೆಗೆದುಕೊಂಡರು.

ನನ್ನ ಗ್ಲಾಸಿಗೆ ನಂದಿತಾಳೇ ಹಾಕಿದಳು, ಕಷಾಯದ ಪ್ರಮಾಣದಲ್ಲಿ. ಶಾರ್ಡನೆ ಎಂಬ ಬಿಳಿ ದ್ರಾಕ್ಷಿಯ ವೈನು, ಒಣಹುಲ್ಲಿನ ಬಣ್ಣ. ಗ್ಲಾಸನ್ನು ದೂರ ಹಿಡಿದು ಅಂಗೈಯಿಂದ ಗಾಳಿಯನ್ನು ಮೂಗಿನತ್ತ ಮೆಲ್ಲಗೆ ಬೀಸಿಕೊಂಡೆ. ಪ್ರನಾಳದೊಳಗೆ ಮೂಗು ತೂರಿಸಬಾರದೆಂದು ಮಕ್ಕಳಿಗೆ ಜೀವಮಾನವಿಡೀ ಹೇಳಿದವಳು ನಾನು, ಬೇರೆ ಥರ ಮೂಸಲು ನನಗೆ ಬರುವುದಿಲ್ಲ. ಇದು ಆಮ್ಲವಲ್ಲ, ಮೂಗು ಸುಡುವುದಿಲ್ಲ ಎಂದು ರೂತ್ ಧೈರ್ಯ ಹೇಳಿದ ಮೇಲೆ ಹತ್ತಿರ ತಂದೆ. ಮೊದಲು ಏನೂ ಇಲ್ಲ. ಆಮೇಲೆ, ನಿಜವಾಗಿ, ಚಕ್ಕೋತ. ನಮ್ಮೂರ ಚಕ್ಕೋತದ ಸಿಪ್ಪೆಯನ್ನು ಉಗುರಿನಿಂದ ಗೀರಿದಾಗ ಕಣ್ಣಿಗೆ ಸಿಡಿಯುತ್ತದಲ್ಲ, ಆ ವಾಸನೆ. ಅದರ ಹಿಂದೆ ಒದ್ದೆ ಕಲ್ಲು, ಒಂದು ಎಳೆ ಉಪ್ಪು ಗಾಳಿ. ಒಂದು ಹನಿ ನಾಲಿಗೆಗೆ ಮುಟ್ಟಿಸಿದೆ; ನನ್ನ ತಾಯಿ ಮೇಲಿನಿಂದ ನೋಡುತ್ತಿದ್ದರೆ ಕ್ಷಮಿಸಲಿ. ನಿಂಬೆ ಹಿಂಡಿದ ಕೋಸಂಬರಿಯ ಹುಳಿಯಷ್ಟೇ ಶುಚಿಯಾದ ಹುಳಿ, ಬಾಯಿ ತೊಳೆದ ಹಾಗೆ.

ತಂಪು ಸೀಮೆಯ ದ್ರಾಕ್ಷಿಯ ಗುಣವೇ ಅದು ಎಂದರು ರೂತ್. ಮೂರು ಕಡೆಯ ಸಮುದ್ರ ಗಾಳಿಗೆ ಹಣ್ಣು ಅವಸರಪಡುವುದಿಲ್ಲ. ಸಕ್ಕರೆ ಏರುವ ಮೊದಲೇ ಹುಳಿ ಓಡಿಹೋಗುವುದಿಲ್ಲ, ಎರಡೂ ಜೊತೆಯಲ್ಲಿ ನಡೆದು ಬರುತ್ತವೆ. ನನಗೆ ತಟ್ಟನೆ ನಮ್ಮ ಊರಿನ ಕಾಫಿ ನೆನಪಾಯಿತು, ನಮ್ಮ ಊರೆಂದರೆ ಈಗ ಇದೇ. ಇಲ್ಲಿಯ ಎತ್ತರದ ಬೆಟ್ಟಗಳಲ್ಲಿ, ಜುಲೈನ ಈ ಮಂಕು ಚಳಿಯಲ್ಲಿ, ಕಾಫಿ ಹಣ್ಣೂ ನಿಧಾನವಾಗಿಯೇ ಕೆಂಪಾಗುತ್ತದೆ. ಅದರ ಹುಳಿಯನ್ನು ಲೋಕವೆಲ್ಲ ಹೊಗಳುತ್ತದೆ, ನಾವು ಮಾತ್ರ ಹಾಲು ಸಕ್ಕರೆ ಹಾಕಿ ಅಡಗಿಸುತ್ತೇವೆ. ತಡವಾಗಿ ಮಾಗಿದ್ದಕ್ಕೆ ರುಚಿ ಹೆಚ್ಚು ಎಂಬುದು, ನಲವತ್ತು ದಾಟಿದ ಮೇಲೆ ಕೋಪ ಕಡಿಮೆ ಮಾಡಿಕೊಂಡ ನನ್ನಂಥವಳಿಗೆ ಸಮಾಧಾನ ತರುವ ಸಿದ್ಧಾಂತ. ಯಜಮಾನರು ಮಾತ್ರ ಸಿದ್ಧಾಂತಕ್ಕೆ ಕಾಯದೆ ತಮ್ಮ ಗ್ಲಾಸನ್ನು ಖಾಲಿ ಮಾಡಿದ್ದರು. ಕಂಬದ ಪಕ್ಕದ ಕಿತ್ತಳೆ ರಸದ ಕತೆಯ ಮೇಲೆ ನನಗೆ ಅಂದೇ ಅನುಮಾನ ಬಂತು.

ಎರಡನೆಯದು ಪಿನೋ ನ್ವಾರ್ ಎಂಬ ಕೆಂಪು. ಕೆಂಪೆಂದರೆ ಕಡುಗೆಂಪಲ್ಲ, ಗ್ಲಾಸಿನ ಆಚೆಗೆ ನನ್ನ ಬೆರಳು ಕಾಣುವಷ್ಟು ತೆಳು. ನೇರಳೆ ಹಣ್ಣು, ಮಳೆ ನಿಂತ ಮೇಲಿನ ತರಗೆಲೆ, ಎಲ್ಲೋ ಒಂದು ಲವಂಗ. ಕುಡಿದ ಮೇಲೆ ನಾಲಿಗೆಯ ಅಂಚು ಮೆಲ್ಲಗೆ ಬಿಗಿಯಿತು. ಅದಕ್ಕೆ ಇಂಗ್ಲಿಷಿನಲ್ಲಿ ಟ್ಯಾನಿನ್ ಎನ್ನುತ್ತಾರೆ, ಅದು ರಸಾಯನಶಾಸ್ತ್ರದ ಪದ, ನನಗೂ ಗೊತ್ತು. ಆದರೆ ನಾಲಿಗೆಗೆ ಗೊತ್ತಿರುವುದು ಒಗರು. ಆರು ರುಚಿಗಳಲ್ಲಿ ಅದಕ್ಕೆ ಕೊನೆಯ ಮಣೆ ಹಾಕಿ ಕೂರಿಸಿದವರು ನಾವು. ನೆಲ್ಲಿಕಾಯಿ ತಿಂದು ನೀರು ಕುಡಿದರೆ ನೀರು ಸಿಹಿಯಾಗುವ ಸಂಗತಿಯನ್ನು ನಾನು ಹೇಳುತ್ತ ಹೋದೆ, ರೂತ್ ಕೇಳುತ್ತ ಹೋದರು, ಎಣ್ಣೆಗಾಯಿಯ ಚೂರೊಂದನ್ನು ನಂಚಿಕೊಂಡು ಮತ್ತೆ ಗುಟುಕರಿಸಿದೆವು, ಎಳ್ಳು ಕೊಬ್ಬರಿಯ ಮಸಾಲೆ ಆ ಒಗರಿಗೆ ಎಷ್ಟು ಚೆನ್ನಾಗಿ ಹೊಂದುತ್ತದೆಂದು ಇಬ್ಬರೂ ಬೆರಗಾದೆವು. ಇಷ್ಟು ವರ್ಷ ಮುಟ್ಟದೆ ಇದ್ದುದಕ್ಕೆ ನನಗೆ ಪಶ್ಚಾತ್ತಾಪವಾಗಲಿಲ್ಲ. ಈ ವಯಸ್ಸಿನಲ್ಲೂ ಮೂಗಿಗೆ ಹೊಸದೊಂದು ಅಕ್ಷರಮಾಲೆ ಕಲಿಯುವ ಚುರುಕಿದೆಯಲ್ಲ ಎಂದು ಖುಷಿಯಾಯಿತು. ಗ್ಲಾಸನ್ನು ತಿರುಗಿಸುವುದೂ ಕೈಗೆ ಬಂದಿತ್ತು. ಪ್ರತಿ ಸುತ್ತಿಗೂ ಹೊಸ ವಾಸನೆ, ಪ್ರತಿ ವಾಸನೆಗೂ ನನ್ನದೊಂದು ಉಪನ್ಯಾಸ.

ಮೂರನೆಯ ಸೀಸೆ ಉಳಿದಿತ್ತು. ರೂತ್ ಅದರ ಮುಚ್ಚಳದ ಮೇಲೆ ಕೈಯಿಟ್ಟು, ತಿರುಗಿಸಲು ಹೊರಟವರು, ನಿಲ್ಲಿಸಿದರು. ಸೀಸೆಯನ್ನು ಪಕ್ಕಕ್ಕೆ ಸರಿಸಿ, ಎದ್ದು, ಮೇಜಿನ ಮೇಲಿದ್ದ ಅನ್ನದ ಪಾತ್ರೆಯ ಮುಚ್ಚಳ ತೆಗೆದು, ನಂದಿತಾಳ ತಟ್ಟೆಗೆ ಒಂದು ಸೌಟು ಅನ್ನ ಹಾಕಿದರು. ಬೇಕೇ ಎಂದು ಕೇಳಲಿಲ್ಲ. ಯಾವುದು ಸಾರು ಯಾವುದು ಹುಳಿ ಎಂದು ತಿಳಿಯದೆ, ಹತ್ತಿರವಿದ್ದ ಮಜ್ಜಿಗೆಹುಳಿಯನ್ನು ಮೇಲೆ ಸುರಿದು, ತಟ್ಟೆಯನ್ನು ಅವಳ ಮುಂದೆ ತಳ್ಳಿದರು. ನಂದಿತಾ ಒಂದೂ ಮಾತಾಡದೆ ತಿನ್ನತೊಡಗಿದಳು. ಆಗ ನನಗೆ ಹೊಳೆಯಿತು, ಅವಳು ಬಹಳ ಹೊತ್ತಿನಿಂದ ಒಂದೂ ಮಾತಾಡಿರಲಿಲ್ಲ.

ನಾನು ನೋಡುತ್ತಿರುವುದನ್ನು ಕಂಡು ರೂತ್ ತಮ್ಮ ಭಾಷೆಯಲ್ಲಿ, ತೀರಾ ಸಾಮಾನ್ಯ ಸಂಗತಿಯೆಂಬಂತೆ ಹೇಳಿದರು:

“ಇವಳಿಗೆ ಹಸಿವಾದರೆ ಮಾತು ನಿಲ್ಲುತ್ತದೆ. ಕೇಳಿದರೆ ಇಲ್ಲ ಅನ್ನುತ್ತಾಳೆ. ಹೋದ ಚಳಿಗಾಲವೇ ನಾನು ಕೇಳುವುದನ್ನು ಬಿಟ್ಟೆ, ಬಡಿಸಿಬಿಡುತ್ತೇನೆ.”

ಓದುಗ ಮಿತ್ರರೇ, ಇದು ನಾನು ಯಾರಿಗೂ ಹೇಳಿದ ವಿಷಯವಲ್ಲ. ಹೆತ್ತ ತಂದೆಗೇ ಇದು ಗೊತ್ತಿರಲಿಲ್ಲ. ಮಗಳಿಗೂ ತನ್ನ ಬಗ್ಗೆ ಗೊತ್ತಿರಲಿಲ್ಲ. ಅವಳು ಮಾತು ಕಲಿತ ದಿನದಿಂದ, ಯಾವಾಗ ಮಾತು ನಿಲ್ಲಿಸುತ್ತಾಳೆ ಎಂದು ಕಾಯುತ್ತಿದ್ದವಳು ನಾನೊಬ್ಬಳೇ. ಅಂದು ನೇರಳೆ, ಲವಂಗ, ತರಗೆಲೆ ಎಂದು ವಾಸನೆ ಹುಡುಕುತ್ತ ನಾನೇ ಮರೆತಿದ್ದೆ, ಆಕೆ ಮರೆತಿರಲಿಲ್ಲ. ನನಗೆ ಮೊದಲು ಬಂದದ್ದು ಹೊಟ್ಟೆಕಿಚ್ಚು, ಸುಳ್ಳೇಕೆ ಹೇಳಲಿ. ಅದರ ಹಿಂದೆಯೇ ಅಳು ಬಂತು. ತುಪ್ಪ ತರುವ ನೆಪದಲ್ಲಿ ಅಡುಗೆಮನೆಗೆ ಹೋಗಿ, ಒಲೆಯ ಕಡೆ ಮುಖ ಮಾಡಿ, ಮನಸಾರೆ ಅತ್ತು, ಮುಖ ತೊಳೆದುಕೊಂಡು ಬಂದು, ಬೀಗಿತ್ತಿ ಬಡಿಸಿದ ಅನ್ನದ ಮೇಲೆ ತುಪ್ಪ ಹಾಕಿದೆ. ತಿಂಗಳುಗಳಿಂದ ಕೊರೆಯುತ್ತಿದ್ದುದು ಎದೆಯಲ್ಲಿ ಎಲ್ಲಿಯೂ ಇರಲಿಲ್ಲ.

ಊಟವಾದ ಮೇಲೆ ಮೂರನೆಯ ಸೀಸೆ ತೆರೆದರು. ಬಿಸಿಲು ಕಾಣದೆ ಮಳೆಯಲ್ಲೇ ಕಳೆದ ಒಂದು ವರ್ಷದ ಫಸಲಂತೆ, ಎಸೆಯಲು ಮನಸ್ಸು ಬಾರದೆ ಸ್ವಲ್ಪವೇ ತುಂಬಿಸಿಟ್ಟದ್ದಂತೆ. ನಾನು ಮೂಸಿ, ನಾಲಿಗೆಗೆ ಮುಟ್ಟಿಸಿ, ಇದು ಬರೀ ಹುಳಿ ಎಂದೆ. ಹೌದು, ಬರೀ ಹುಳಿ ಎಂದು ರೂತ್ ಒಪ್ಪಿಕೊಂಡರು. ಮನೆ ನೋಡಲು ಹೋದವರಿಗೆ ಹಿತ್ತಲಿನ ಒಡೆದ ಗೋಡೆಯನ್ನೂ ತೋರಿಸುವ ಬೀಗರು ಎಷ್ಟು ಮಂದಿಗೆ ಸಿಗುತ್ತಾರೆ ಹೇಳಿ.

ಡಿಸೆಂಬರಿನಲ್ಲಿ ಇಲ್ಲಿಯ ದೇವಸ್ಥಾನದಲ್ಲೇ ಮದುವೆಯಾಯಿತು. ಹೆಣ್ಣು ಒಪ್ಪಿಸುವ ಶಾಸ್ತ್ರದ ಹೊತ್ತಿಗೆ ಪಾರ್ಕ್‌ಲ್ಯಾಂಡ್ಸ್‌ನ ನಮ್ಮ ಹೆಂಗಸರೆಲ್ಲ ಕರವಸ್ತ್ರ ಹಿಡಿದು ನನ್ನ ಸುತ್ತ ನಿಂತರು, ಯಜಮಾನರ ಕಣ್ಣೂ ಒದ್ದೆಯಾಯಿತು. ನಾನೊಬ್ಬಳು ಅಳಲಿಲ್ಲ. ಹೆತ್ತವಳ ಕರುಳು ಇಷ್ಟು ಗಟ್ಟಿಯೇ ಎಂದು ಅವರು ಈಗಲೂ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ ಬಿಡಿ. ನಾನು ಮಗಳನ್ನು ಒಪ್ಪಿಸಿದ್ದು ಜುಲೈನಲ್ಲಿ, ಆ ಒಂದು ಸೌಟು ಅನ್ನ ತಟ್ಟೆಗೆ ಬಿದ್ದ ಗಳಿಗೆಯಲ್ಲಿ. ಅದಕ್ಕೆ ಅಳಬೇಕಾದದ್ದನ್ನೆಲ್ಲ ಅಂದೇ ಅತ್ತಾಗಿತ್ತು.