ಓಡಿ ಹೊರಟವರ ರೊಟ್ಟಿ

ನನ್ನ ಅಮ್ಮ ಕತ್ರೀನಾ ಸುಮ್ಮನೆ ನಡೆದದ್ದನ್ನು ನಾನು ಕಂಡದ್ದು ಕಡಿಮೆ. ಬಾವಿಗೆ ಓಡುತ್ತಾಳೆ, ಹಟ್ಟಿಗೆ ಓಡುತ್ತಾಳೆ, ಜಪಮಾಲೆ ಹಿಡಿದು ಕುಳಿತವಳು ಗಂಜಿ ಉಕ್ಕಿದ ಸದ್ದಾದರೆ ಮಾಲೆ ಸಮೇತ ಓಡುತ್ತಾಳೆ. ಅರ್ಧ ಪ್ರಾರ್ಥನೆ ಒಳಗೆ, ಅರ್ಧ ಅಂಗಳದಲ್ಲಿ. ಅಪ್ಪ ಗದರಿದರೆ, "ದೇವರಿಗೂ ಕಾಲು ಉಂಟು, ನನ್ನ ಹಿಂದೆ ಬರ್ತಾನೆ" ಎನ್ನುತ್ತಾಳೆ.

ನಾವು ಮಲಯಾಳ ಮಾತಾಡುವ ಕ್ರೈಸ್ತರು, ಪಾಲಾ ಎಂಬ ಊರಿನ ಕಡೆಯವರು. 1954ರಲ್ಲಿ ನನ್ನ ಅಪ್ಪ, ಔತ ಎಂದು ಅವರ ಹೆಸರು, ಕೊಯಿಲದ ಆಚೆಯ ಗುಡ್ಡದಲ್ಲಿ ಜಾಗ ತೆಗೆದುಕೊಂಡು ಅಜ್ಜಿಯನ್ನೂ ಅಮ್ಮನನ್ನೂ ಒಂಬತ್ತು ವರ್ಷದ ನನ್ನನ್ನೂ ಕರೆತಂದರು. ತಂಗಿ ಏಲಿ ಹುಟ್ಟಿದ್ದು ಇಲ್ಲಿಯೇ. ಸುತ್ತಮುತ್ತ ಬೇರೆ ಕ್ರೈಸ್ತರ ಮನೆ ಇರಲಿಲ್ಲ. ಪಳ್ಳಿಗೆ, ಅಂದರೆ ಇಗರ್ಜಿಗೆ, ಹೋಗಿ ಪೂಜೆ ಕೇಳಬೇಕಾದರೆ ಬೆಳಕಾಗುವ ಮೊದಲೇ ಹೊರಡಬೇಕು. ಹಾಗಾಗಿ ನಮ್ಮ ಪಳ್ಳಿ, ಪಾದ್ರಿ, ಪಾಠಶಾಲೆ ಎಲ್ಲವೂ ಅಮ್ಮನೇ ಆಗಿದ್ದಳು. ಏಲಿಗೆ ಶಿಲುಬೆಯ ಗುರುತು ಕಲಿಸಿದ್ದು ಅವಳ ತಲೆಯ ಹೇನು ಹೆಕ್ಕುತ್ತಾ.

ಅಮ್ಮನ ಬಗ್ಗೆ ಬರೆಯಬೇಕೆಂದು ಕುಳಿತಾಗ ನನಗೆ ಮೊದಲು ನೆನಪಾಗುವುದು 1961ರ ಪೆಸಹಾ ಗುರುವಾರ. ಆಗ ನಾನು ಶಾಲೆ ಬಿಟ್ಟು ಮನೆಯಲ್ಲಿದ್ದೆ. ಆದ್ದರಿಂದ ಎಲ್ಲವನ್ನೂ ಕಣ್ಣಾರೆ ಕಂಡೆ.

ಯೇಸು ಶಿಷ್ಯರ ಜೊತೆ ಕೊನೆಯ ಊಟ ಮಾಡಿದ ದಿನ ಅದು. ಆ ದಿನ ನಮ್ಮವರ ಪ್ರತಿ ಮನೆಯಲ್ಲೂ ಅಕ್ಕಿ, ಉದ್ದು, ತೆಂಗಿನಕಾಯಿ ಕಡೆದು ಹಬೆಯಲ್ಲಿ ಒಂದು ರೊಟ್ಟಿ ಬೇಯಿಸುತ್ತಾರೆ. ಅದರ ಮೇಲೆ ಗರಿಗಳ ಭಾನುವಾರ ತಂದ ತೆಂಗಿನ ಎಳೆಗರಿಯ ಶಿಲುಬೆ ಇಡುತ್ತಾರೆ. ಸಂಜೆ ಪ್ರಾರ್ಥನೆಯಾದ ಮೇಲೆ ಮನೆಯ ಯಜಮಾನ ಅದನ್ನು ಮುರಿದು, ಬೆಲ್ಲ ಹಾಕಿದ ಕಾಯಿಹಾಲಿನಲ್ಲಿ ಅದ್ದಿ, ದೊಡ್ಡವರಿಂದ ಹಿಡಿದು ಚಿಕ್ಕವರವರೆಗೆ ಕೊಡುತ್ತಾನೆ. ಒಂದು ಕಟ್ಟುಪಾಡು ಮಾತ್ರ ಉಂಟು. ಸಾವಾದ ಮನೆಯಲ್ಲಿ ಆ ವರ್ಷ ಈ ರೊಟ್ಟಿ ಮಾಡಬಾರದು. ಬೇರೆ ಮನೆಯವರು ಮಾಡಿ ತಂದು ಕೊಡಬೇಕು.

ಅಜ್ಜಿ ಹಿಂದಿನ ನವೆಂಬರಿನಲ್ಲಿ ತೀರಿಕೊಂಡಿದ್ದರು. ಕೊನೆಯ ದಿನಗಳಲ್ಲಿ ಅಮ್ಮನ ಕೈ ಹಿಡಿದು, "ಕತ್ರೀನಾ, ನಾವು ಕಾಡಿಗೆ ಬಂದವರು ಅಂತ ಮಕ್ಕಳ ಬಾಯಿಗೆ ಪೆಸಹಾ ರೊಟ್ಟಿ ಒಂದು ವರ್ಷವೂ ತಪ್ಪಬಾರದು" ಎಂದಿದ್ದರು. "ತಪ್ಪುದಿಲ್ಲ ಅಮ್ಮಚ್ಚಿ" ಎಂದು ಅಮ್ಮ ಮಾತು ಕೊಟ್ಟಿದ್ದಳು. ಕೊಟ್ಟ ಮೊದಲನೆಯ ವರ್ಷವೇ ಆ ಮಾತಿಗೆ ಪರೀಕ್ಷೆ ಬಂತು.

ರೊಟ್ಟಿ ತರುತ್ತೇವೆಂದು ಒಪ್ಪಿದ್ದವರು ದೂರದ ಕೋಡಿಂಬಾಳದಲ್ಲಿದ್ದ ನಮ್ಮವರೇ ಆದ ಮಾಥ್ಯೂ ಮಾಮನ ಮನೆಯವರು. ಬುಧವಾರ ಬೆಳಿಗ್ಗೆ ಒಣಮೀನು ಮಾರುವ ಅಲಿ ಕುಂಞಿ ಬುಟ್ಟಿ ಹೊತ್ತುಕೊಂಡು ಅಂಗಳಕ್ಕೆ ಬಂದರು.

"ಎಂತ ಅಕ್ಕ, ನಿಮ್ಮ ನೋಂಬು ಮುಗಿಯುದು ಯಾವಾಗ? ಐವತ್ತು ದಿನ ಮೀನು ಮುಟ್ಟದಿದ್ರೆ ನನ್ನ ಮಕ್ಕಳಿಗೂ ನೋಂಬೇ!"

"ಭಾನುವಾರ ಬನ್ನಿ ಕಾಕ, ಬುಟ್ಟಿಯೇ ಖಾಲಿ ಮಾಡ್ತೇನೆ."

"ಮಾಥ್ಯೂ ಹೇಳಿ ಕಳಿಸಿದ್ದಾನೆ. ಅವನ ಮನೆಯ ನಾಲ್ಕು ಮಕ್ಕಳಿಗೂ ದಡಾರ ಎದ್ದಿದೆ. ಬರ್ಲಿಕ್ಕೆ ಆಗುದಿಲ್ಲ, ನೀವೂ ಅತ್ತ ಬರ್ಬೇಡಿ ಅಂತ."

ಅಂಗಳ ಗುಡಿಸುತ್ತಿದ್ದ ಅಮ್ಮನ ಕೈಯಲ್ಲಿದ್ದ ಹಿಡಿಸೂಡಿ ಅಲ್ಲೇ ನಿಂತಿತು. ಅಪ್ಪ ಜಗಲಿಯಿಂದ, "ಒಂದು ವರ್ಷ ಬಿಟ್ಟರೆ ದೇವರು ಓಡಿಸುವುದಿಲ್ಲ" ಎಂದರು.

"ದೇವರು ಓಡಿಸುವುದಿಲ್ಲ. ನಿಮ್ಮ ಅಮ್ಮ ಓಡಿಸ್ತಾರೆ" ಎಂದಳು ಅಮ್ಮ, ಕಣ್ಣು ಒರೆಸಿಕೊಂಡು.

ಬೇಲಿಯ ಆಚೆ ದೇವಕಿಯಕ್ಕ ದನಕ್ಕೆ ಹುಲ್ಲು ಹಾಕುತ್ತಿದ್ದರು. ಅವರು ಗೌಡರ ಮನೆಯವರು. ಅಮ್ಮನಿಗೆ ತುಳು ಕಲಿಸಿದವರು, ಏಲಿ ಹುಟ್ಟಿದಾಗ ಬಿಸಿನೀರು ಕಾಯಿಸಿದವರು. ಎಲ್ಲ ಕೇಳಿಸಿಕೊಂಡು ಬೇಲಿಗೆ ಬಂದರು.

"ನಮ್ಮಲ್ಲೂ ಹಾಗೆಯೇ ಮಾರಾಯ್ತಿ. ಸಾವಾದ ವರ್ಷ ಹಬ್ಬ ಇಲ್ಲ, ನೆಂಟರು ತಂದು ಕೊಟ್ಟರೆ ತಿನ್ನುದು. ಈಗ ಬೇರೆ ಮನೆಯವರು ಮಾಡಿದರೆ ಆಯ್ತಲ್ವಾ? ನಾನು ಎಂತ, ನಿಮ್ಮ ಮನೆಯವಳಾ? ಹೇಳು, ನಾನು ಮಾಡ್ತೇನೆ."

ಅಮ್ಮ ಹಿಡಿಸೂಡಿ ಬಿಟ್ಟು ಬೇಲಿಗೆ ಓಡಿದಳು. ಆಮೇಲೆ ಬೇಲಿಯ ಮೇಲಿಂದ ಒಂದೊಂದೇ ಹೇಳಿದಳು: ಬೆಳ್ತಿಗೆ ಅಕ್ಕಿ ಇಷ್ಟು, ಉದ್ದು ಇಷ್ಟು, ಕಾಯಿ ಅರ್ಧ, ಜೀರಿಗೆ, ಎರಡು ಎಸಳು ಬೆಳ್ಳುಳ್ಳಿ.

"ಬೆಳ್ಳುಳ್ಳಿಯಾ! ದೇವರಿಗೆ?"

"ನಮ್ಮ ದೇವರು ಬೆಳ್ಳುಳ್ಳಿ ತಿಂತಾನೆ ಅಕ್ಕ."

"ಒಳ್ಳೆ ದೇವರು! ನಮ್ಮ ದೇವರಿಗೆ ಅದರ ವಾಸನೆ ಮೂಗಿಗೆ ಬಂದರೂ ಆಗುದಿಲ್ಲ." ದೇವಕಿಯಕ್ಕ ನಗುತ್ತಾ ಹೋದರು. ಅಮ್ಮ ಆ ಸಂಜೆ ಏಲಿಯನ್ನು ಎತ್ತಿಕೊಂಡು ಕುಣಿದಳು. ನಿಜವಾಗಿ ಕುಣಿದಳು. ನಾನು ನೋಡಿದ್ದೇನೆ.

ಗುರುವಾರ ಬೆಳಿಗ್ಗೆ ಬೇಲಿಯ ಆಚೆಯಿಂದ ಕೂಗು ಬಂತು. "ಕತ್ರೀನಾ! ಬೇಗ ಬಾ, ನೋಡು ಬಾ!"

ನಾನೂ ಅಮ್ಮನ ಹಿಂದೆಯೇ ಓಡಿದೆ. ಜಗಲಿಯಲ್ಲಿ ದೇವಕಿಯಕ್ಕ ದೊಡ್ಡ ಪಾತ್ರೆ ಇಟ್ಟುಕೊಂಡು ಹೆಮ್ಮೆಯಿಂದ ಕುಳಿತಿದ್ದರು. ಹಿಂದಿನ ಸಂಜೆಯೇ ಕಡೆದು ಇಟ್ಟಿದ್ದರಂತೆ. ಸೆಕೆಗೆ ಹಿಟ್ಟು ಉಬ್ಬಿ, ಪಾತ್ರೆಯ ಅಂಚು ದಾಟಿ, ಮುಚ್ಚಳವನ್ನೇ ಎತ್ತಿತ್ತು. "ಎಷ್ಟು ಚಂದ ಬಂದಿದೆ ನೋಡು! ಹತ್ತಿಯ ಹಾಗೆ ಆಗ್ತದೆ ನಿನ್ನ ರೊಟ್ಟಿ." ಕಡೆದು ಕಡೆದು ಅವರ ಬಲ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು.

ಅಮ್ಮನ ಮುಖ ಬಿಳಿಚಿತು. "ಚಂದ ಬಂದಿದೆ ಅಕ್ಕ" ಎಂದಷ್ಟೇ ಹೇಳಿ ತಿರುಗಿ ಬಂದಳು. ಬರುವಾಗ ಓಡಲಿಲ್ಲ. ನಡೆದಳು.

ಪೆಸಹಾ ರೊಟ್ಟಿಯ ಹಿಟ್ಟು ಹುಳಿ ಬರಬಾರದು. ಬಂದರೆ ಅದು ಪೆಸಹಾ ರೊಟ್ಟಿಯೇ ಅಲ್ಲ. ಪಾಲಾದ ನಮ್ಮ ಊರಲ್ಲಿ ಇದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ, ಮೂರು ವರ್ಷದ ಮಗುವಿಗೂ ಗೊತ್ತು. ಆದ್ದರಿಂದ ಅಮ್ಮ ಹೇಳಿಯೇ ಇರಲಿಲ್ಲ.

"ಅಮ್ಮಾ, ಹೋಗಿ ಹೇಳು" ಎಂದೆ.

"ಹೇಗೆ ಹೇಳುದು? ಅವರ ಕೈ ನೋಡಿದೆಯಾ?" ಅಮ್ಮ ಒಲೆಯ ಮುಂದೆ ಕುಳಿತಳು. "ಸುಮ್ಮನೆ ತೆಗೆದುಕೊಂಡರೆ ಅಜ್ಜಿಗೆ ಕೊಟ್ಟ ಮಾತು ಸುಳ್ಳು. ಬೇಡ ಅಂದರೆ ಅವರ ಮನಸ್ಸು ಮುರಿದ ಹಾಗೆ. ಮನಸ್ಸು ಮುರಿದು ಪಡೆದ ರೊಟ್ಟಿಯನ್ನು ಕರ್ತನು ತಿನ್ನುತ್ತಾನಾ?"

ಸ್ವಲ್ಪ ಹೊತ್ತು ತುಟಿ ಮಾತ್ರ ಅಲ್ಲಾಡುತ್ತಿತ್ತು. ಆಮೇಲೆ ತಟ್ಟನೆ ಎದ್ದಳು. "ತಪ್ಪು ನನ್ನದು. ತಪ್ಪು ನನ್ನದು ಅಂತಲೇ ಹೇಳ್ತೇನೆ." ಮತ್ತೆ ಓಡಿದಳು.

"ಅಕ್ಕ, ನಾನು ಒಂದು ಮಾತು ಮರೆತೆ. ಹಿಟ್ಟು ಹುಳಿ ಬರಬಾರದಿತ್ತು."

ದೇವಕಿಯಕ್ಕನ ಗಂಡ ಮೇದಪ್ಪಣ್ಣ ಅಡಿಕೆ ಸುಲಿಯುತ್ತಿದ್ದವರು, "ಹಿಟ್ಟು ಉಬ್ಬಿದರೆ ನಿಮ್ಮ ದೇವರಿಗೆ ಎಂತ ಬೇಸರ?" ಎಂದು ಕೇಳಿದರು.

ಅಮ್ಮ ಕೈ ಮುಗಿದುಕೊಂಡೇ ಹೇಳಿದಳು. "ಹಿಂದೆ ನಮ್ಮ ದೇವರ ಜನ ಒಬ್ಬ ಕೆಟ್ಟ ರಾಜನ ಕೈಯಲ್ಲಿ ಗುಲಾಮರಾಗಿದ್ದರು ಅಣ್ಣ. ದೇವರು ಬಿಡಿಸಿದ ದಿನ ಒಂದೇ ಉಸಿರಿಗೆ ಓಡಬೇಕಾಯಿತು. ಹಿಟ್ಟು ಹುಳಿ ಬರುವವರೆಗೆ ಕಾಯಲಿಕ್ಕೆ ಪುರುಸೊತ್ತು ಇರಲಿಲ್ಲ. ಇದು ಓಡಿ ಹೊರಟವರ ರೊಟ್ಟಿ. ನನ್ನ ತಪ್ಪಿಗೆ ನಿಮ್ಮ ಕೈ ಸೋತಿತು. ಕ್ಷಮಿಸಿ."

ದೇವಕಿಯಕ್ಕ ಅಮ್ಮನನ್ನು ನೋಡಿದರು, ಹಿಟ್ಟನ್ನು ನೋಡಿದರು. ಇದ್ದಕ್ಕಿದ್ದಂತೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಓಡುವವರ ರೊಟ್ಟಿಯನ್ನು ನಾನು ಮಲಗಿಸಿ ಇಟ್ಟೆನಲ್ಲಾ! ಸೂರ್ಯ ಮುಳುಗುವ ಮೊದಲು ಬೇಕಲ್ವಾ? ಹಾಗಾದರೆ ಈಗ ಓಡುವ! ಏಳಿ ಮಾರಾಯ್ರೆ, ಎಂತ ನೋಡುದು? ಬಿಸಿನೀರಿಗೆ ಅಕ್ಕಿ ಹಾಕಿ!"

ಆಮೇಲೆ ಶುರುವಾಯಿತು ಓಟ. ಅಕ್ಕಿ ಉಗುರುಬೆಚ್ಚಗಿನ ನೀರಿಗೆ ಬಿತ್ತು. ಉದ್ದು ಡಬ್ಬಿಯ ತಳದಲ್ಲಿ ಒಂದು ಮುಷ್ಟಿ ಮಾತ್ರ ಉಳಿದಿತ್ತು, ಅಷ್ಟೇ ಸಾಕು ಎಂದಳು ಅಮ್ಮ. ಉಬ್ಬಿದ ಹಿಟ್ಟು ಇಡ್ಲಿಯಾಗಿ ಮೇದಪ್ಪಣ್ಣನ ಹೊಟ್ಟೆ ಸೇರಿತು. ಮಧ್ಯಾಹ್ನದ ಹೊತ್ತಿಗೆ ಕಡೆಯಲು ಕುಳಿತರೆ ದೇವಕಿಯಕ್ಕನ ಬೊಬ್ಬೆ ಒಡೆಯಿತು. ಅಮ್ಮನೂ ನಾನೂ ಸಾವಾದ ಮನೆಯವರು, ಹಿಟ್ಟು ಮುಟ್ಟುವ ಹಾಗಿಲ್ಲ. ಮೇದಪ್ಪಣ್ಣ ಮುಂಡು ಎತ್ತಿ ಕಟ್ಟಿ ಕಡೆಯುವ ಕಲ್ಲಿನ ಮುಂದೆ ಕುಳಿತರು.

"ಇಡ್ಲಿ ತಿಂದವ ನಾನೇ ಕಡೆಯುತ್ತೇನೆ. ಊರಲ್ಲಿ ಯಾರಿಗಾದರೂ ಹೇಳಿದರೆ ನೋಡಿ!"

"ಕಲ್ಲು ತಿರುಗಿಸಿ, ಬಾಯಿ ತಿರುಗಿಸ್ಬೇಡಿ" ಎಂದರು ದೇವಕಿಯಕ್ಕ.

ಅಮ್ಮ ಜಗಲಿಯ ಕೆಳಗೆ ನಿಂತು, ಕಲ್ಲು ಸುತ್ತುವ ಲಯಕ್ಕೆ ಸರಿಯಾಗಿ ಮೆಲ್ಲಗೆ ಜಪ ಹೇಳಿದಳು. ನಾನು ಗರಿಯ ಶಿಲುಬೆಗೆಂದು ಮನೆಗೆ ಓಡಿದೆ. ಹಬೆಯ ಪಾತ್ರೆಯಲ್ಲಿ ಎರಡು ತಟ್ಟೆ ಇಟ್ಟರು. ಒಂದು ಶಿಲುಬೆಯದ್ದು, ಮನೆಯವರಿಗೆ ಮಾತ್ರ. ಇನ್ನೊಂದು ಶಿಲುಬೆ ಇಲ್ಲದ್ದು, ಯಾರಿಗೂ ಕೊಡಬಹುದಾದದ್ದು.

"ಗರಿ ಹೇಗೆ ಇಡುದು? ಅಡ್ಡವಾ, ಉದ್ದವಾ?"

"ಎರಡೂ ಅಕ್ಕ, ಎರಡೂ!"

ಇಳಿಬಿಸಿಲು ಗುಡ್ಡದ ನೆತ್ತಿಯಲ್ಲಿ ಮಾತ್ರ ಉಳಿದಾಗ ದೇವಕಿಯಕ್ಕ ಬಾಳೆಎಲೆ ಮುಚ್ಚಿದ ತಟ್ಟೆಗಳನ್ನು ಹಿಡಿದು ನಮ್ಮ ಮನೆಗೆ ಬಂದರು. ಕಾಯಿಹಾಲನ್ನೂ ಮರೆತಿರಲಿಲ್ಲ. ಒಳಗೆ ಬರಲು ಕರೆದರೂ ಜಗಲಿಯಲ್ಲೇ ನಿಂತರು. ನಾವು ದೀಪದ ಮುಂದೆ ಮೊಣಕಾಲೂರಿದೆವು. ಪ್ರಾರ್ಥನೆ ಮುಗಿಯಿತು. ಅಪ್ಪ ರೊಟ್ಟಿಯನ್ನು ಕೈಗೆ ತೆಗೆದುಕೊಂಡರು, ಆದರೆ ಮುರಿಯಲಿಲ್ಲ.

"ಕತ್ರೀನಾ, ಜ್ಞಾನಸ್ನಾನ ಆಗದವರ ಒಲೆಯಲ್ಲಿ ಬೆಂದದ್ದು. ಇದನ್ನು ಮುರಿಯಬಹುದಾ?"

ಜಗಲಿಯಲ್ಲಿದ್ದ ದೇವಕಿಯಕ್ಕನಿಗೆ ಕೇಳಿಸುವಷ್ಟು ಹತ್ತಿರವಿದ್ದೆವು. ಏಲಿ ಕೈ ಚಾಚಿಕೊಂಡೇ ಇದ್ದಳು.

ಅಮ್ಮ ದನಿ ಏರಿಸಲಿಲ್ಲ. "ಕರ್ತನು ಆ ದಿನ ಊಟ ಮಾಡಿದ್ದು ಯಾರ ಮನೆಯಲ್ಲಿ?"

ಅಪ್ಪ ಯೋಚಿಸಿದರು. "ಹೆಸರು ಹೇಳಿಲ್ಲ. ನೀರಿನ ಕೊಡ ಹೊತ್ತ ಒಬ್ಬನ ಹಿಂದೆ ಹೋಗಿ, ಅವನು ಹೊಕ್ಕ ಮನೆಯಲ್ಲಿ ಕೇಳಿ ಅಂದ."

"ಅಲ್ವಾ? ಸ್ವಂತ ಮನೆ ಇರಲಿಲ್ಲ, ಕೇಳಿ ಪಡೆದ. ಆ ಮನೆಯವರು ಕೊಟ್ಟರು. ನಾವೂ ಕೇಳಿದೆವು, ದೇವಕಿಯಕ್ಕ ಕೊಟ್ಟರು. ಇನ್ನೆಂತ ಬೇಕು?"

ಅಪ್ಪ ತಲೆ ತಗ್ಗಿಸಿದರು. ರೊಟ್ಟಿ ಮುರಿದ ಸದ್ದು ನನಗೆ ಕೇಳಿಸಿತು, ಅಷ್ಟು ಗಟ್ಟಿಯಾಗಿತ್ತು ಅದು. ಅಮ್ಮನಿಗೆ, ನನಗೆ, ಕೊನೆಗೆ ಏಲಿಗೆ. ಒಂದು ಹುಡಿಯೂ ಕೆಳಗೆ ಬೀಳದಂತೆ ಏಲಿ ಎರಡೂ ಅಂಗೈ ಜೋಡಿಸಿ ತಿಂದಳು, ಅಜ್ಜಿ ಕಲಿಸಿದ ಹಾಗೆಯೇ. ಅದನ್ನು ನೋಡಿ ಅಮ್ಮನ ಕಣ್ಣಿನಿಂದ ನೀರು ಸುರಿಯಿತು, ಬಾಯಿ ಮಾತ್ರ ನಗುತ್ತಿತ್ತು.

ಎದ್ದವಳೇ ಶಿಲುಬೆ ಇಲ್ಲದ ರೊಟ್ಟಿಯ ಒಂದು ತುಂಡನ್ನು ಕಾಯಿಹಾಲಿನಲ್ಲಿ ಅದ್ದಿ ಜಗಲಿಗೆ ಓಡಿದಳು. ದೇವಕಿಯಕ್ಕ ಬಾಯಿಗೆ ಹಾಕಿ ಅಗಿದರು, ಇನ್ನೂ ಅಗಿದರು.

"ಕಲ್ಲಿನ ಹಾಗೆ ಉಂಟು ಮಾರಾಯ್ತಿ! ಇದಕ್ಕಾ ನಾವು ಇಷ್ಟು ಓಡಿದ್ದು?" ಎಂದವರು ಇನ್ನೊಂದು ತುಂಡಿಗೆ ಕೈ ಚಾಚಿದರು. "ಹಾಲು ಒಳ್ಳೆದುಂಟು. ನಮ್ಮ ಯಜಮಾನರಿಗೂ ಒಂದು ಕೊಡು, ಕಡೆದದ್ದು ಅವರಲ್ವಾ."

ಮರುವರ್ಷ ನಮ್ಮ ಮನೆಯ ಸೂತಕ ಕಳೆದಿತ್ತು. ಗುರುವಾರ ಬೆಳಿಗ್ಗೆ ಅಮ್ಮ ಅಕ್ಕಿ ತೊಳೆಯುತ್ತಿದ್ದಳು. ಬೇಲಿಯ ಆಚೆಯಿಂದ ದೇವಕಿಯಕ್ಕನ ಕೂಗು ಗುಡ್ಡಕ್ಕೆಲ್ಲ ಕೇಳಿಸಿತು.

"ಕತ್ರೀನಾ! ಹಿಟ್ಟು ಮಲಗಿಸ್ಬೇಡ! ಓಡು!"