ಇಳಿಜಾರಿನ ಮೈಲೇಜು

ಸೆಕೆಂಡ್ ಹ್ಯಾಂಡ್ ಟರ್ಬೊ ಕಾರೊಂದನ್ನು ನೋಡಲು ಗೂಡಲೂರಿಗೆ ಬಂದೆ. ಅದರ ಮಾಲೀಕರು ಕಾಳುಮೆಣಸಿನ ವ್ಯಾಪಾರಿ ಮಾದಪ್ಪ. ಆಗಷ್ಟೇ ಅದೇ ಕಾರಿನಲ್ಲಿ ಊಟಿಯಿಂದ ಇಳಿದು ಬಂದಿದ್ದರು. ಕಾರಿನ ನಡುವಿನ ಪರದೆ ಲೀಟರಿಗೆ ಇಪ್ಪತ್ತೆರಡು ಕಿಲೋಮೀಟರ್ ಎನ್ನುತ್ತಿತ್ತು. ನಾನು ಆಗಲೇ ಮನಸ್ಸು ಮಾಡಿಬಿಟ್ಟಿದ್ದೆ.

“ತಾಳಿ ಸಾರ್, ಇದು ಇಳಿಜಾರಿನ ಮೈಲೇಜು,” ಎಂದು ಮಾದಪ್ಪ ಅದನ್ನು ಸೊನ್ನೆಗೆ ತಂದು, ನನ್ನ ಕೈಗೇ ಸ್ಟೀರಿಂಗ್ ಕೊಟ್ಟರು.

ನಡುವಟ್ಟದ ಏರನ್ನು ಗಾಡಿ ಎಲ್ಲೂ ಏದುಸಿರು ಬಿಡದೆ ಹತ್ತಿತು. ಪರದೆಯ ಅಂಕಿ ಮಾತ್ರ ಎಂಟನ್ನು ದಾಟಲಿಲ್ಲ. ಮೇಲೆ ಟೀ ಕುಡಿಯುತ್ತಾ, “ನಿಜವಾಗಿ ಎಷ್ಟು ಕೊಡುತ್ತೆ?” ಎಂದು ಕೇಳಿದೆ.

“ಮೈಸೂರಿಗೆ ಹೋಗಿಬಂದ್ರೆ ನನಗೆ ಹದಿನಾಲ್ಕು ಸಿಗುತ್ತೆ. ಆಕ್ಸಿಲರೇಟರ್ ಮೇಲೆ ನಿಮ್ಮ ಕಾಲು ಎಷ್ಟು ಭಾರವೋ ನಾನು ಕಾಣೆ.”

ತನ್ನದೇ ಸರಕನ್ನು ಹೀಗೆ ತೂಗುವ ವ್ಯಾಪಾರಿಯನ್ನು ನಾನು ಕಂಡಿರಲಿಲ್ಲ. ಇಳಿಯುವಾಗ ಪರದೆಯ ಅಂಕಿ ಮತ್ತೆ ಏರತೊಡಗಿತು. ಮಾದಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಪರದೆಗೆ ಹೊದಿಸಿದರು.